ಹಾಸಿಗೆ ಎಷ್ಟು ಮೆತ್ತಗಿರಬೇಕು?

ಚಿಂತೆಯಿಲ್ಲದವನಿಗೆ ಸಂತೆಯಲ್ಲಿಯೂ ನಿದ್ರೆ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಗಾದೆಯು ಮನಸ್ಸಿನ ಮಾತನ್ನು ಹೇಳಿತೇ ಹೊರತು ಮೈಯ ಮಾತನ್ನು ಹೇಳಲಿಲ್ಲ. ಸಂತೆಯ ಕಟ್ಟೆಯ ಮೇಲೆ ಮಲಗಿದವನು ನಿಶ್ಚಿಂತೆಯಿಂದ ನಿದ್ರಿಸಿರಬಹುದು. ಬೆಳಗ್ಗೆ ಏಳುವಾಗ ಅವನ ಸೊಂಟ ಏನೆಂದಿತೆಂಬುದನ್ನು ಗಾದೆ ಕಟ್ಟಿದವರು ವಿಚಾರಿಸಿದಂತೆ ತೋರುವುದಿಲ್ಲ.

ಹೊನ್ನಾಳಿ ತಾಲ್ಲೂಕಿನ ಸಾಸ್ವೆಹಳ್ಳಿಯಂತಹ ಊರಿನ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿರಿ. ಅಟ್ಟದ ಮೇಲೆ ಸುತ್ತಿಟ್ಟ ಹತ್ತಿಯ ಹಾಸಿಗೆ ಗಂಟು ಗಂಟಾಗಿದೆ. ಅದನ್ನು ಬಿಚ್ಚಿ ಹಿಂಜಿಸಿ ಹೊಸದಾಗಿ ಹೊಲಿಸಿದರೆ ಸಾಕೆಂದು ಮನೆಯ ಹಿರಿಯರು ಹೇಳುತ್ತಾರೆ. ಆ ಕಾಲ ಹೋಯಿತು, ಫೋಮಿನ ಹಾಸಿಗೆಯೇ ಸುಖವೆಂದು ಪೇಟೆಯ ಅಂಗಡಿಯವನು ಹೇಳುತ್ತಾನೆ. ಗದ್ದೆಯಲ್ಲಿ ಬಗ್ಗಿ ನಾಟಿ ಮಾಡಿ ಸೊಂಟ ಹಿಡಿಸಿಕೊಂಡವರಿಗೆ, ಇವೆರಡೂ ಬೇಡ, ಬರಿಯ ಹಲಗೆಯ ಮೇಲೆ ಮಲಗಿರೆಂದು ಮೂರನೆಯವರ ಉಪದೇಶ. ಮೂವರ ಮಾತಿನಲ್ಲಿಯೂ ಸ್ವಲ್ಪ ಸತ್ಯವುಂಟು. ಯಾರ ಮಾತು ಎಲ್ಲಿಯವರೆಗೆ ಸರಿ ಎಂಬುದನ್ನು ತೀರ್ಮಾನಿಸಬೇಕಾದರೆ, ಮಲಗಿದ ದೇಹಕ್ಕೂ ಹಾಸಿಗೆಗೂ ನಡುವೆ ರಾತ್ರಿಯೆಲ್ಲ ಏನು ನಡೆಯುತ್ತದೆಂಬುದನ್ನು ಮೊದಲು ತಿಳಿಯಬೇಕು.

60 ಕಿಲೋಗ್ರಾಂ ತೂಕದ ವ್ಯಕ್ತಿಯೊಬ್ಬನು ಹಲಗೆಯ ಮೇಲೆ ಅಂಗಾತ ಮಲಗಿದ್ದಾನೆ. ಅವನ ಇಡೀ ಬೆನ್ನು ಹಲಗೆಗೆ ತಗಲುವುದಿಲ್ಲ. ತಲೆಯ ಹಿಂಭಾಗ, ಹೆಗಲಿನ ಮೂಳೆಗಳು, ಪೃಷ್ಠ, ಹಿಮ್ಮಡಿ, ಇಷ್ಟೇ ಹಲಗೆಯನ್ನು ಮುಟ್ಟುತ್ತವೆ. ಕುತ್ತಿಗೆ, ಸೊಂಟ ಮತ್ತು ಮೊಣಕಾಲಿನ ಹಿಂಭಾಗಗಳು ಗಾಳಿಯಲ್ಲಿರುತ್ತವೆ. ಮುಟ್ಟುವ ಜಾಗವೆಲ್ಲ ಸೇರಿ 600 ಚದರ ಸೆಂಟಿಮೀಟರ್ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಆಗ ಪ್ರತಿಯೊಂದು ಚದರ ಸೆಂಟಿಮೀಟರಿನ ಮೇಲೂ 100 ಗ್ರಾಂ ಭಾರ ಬೀಳುವುದು. ವೈದ್ಯರು ರಕ್ತದ ಒತ್ತಡವನ್ನು ಅಳೆಯುವ ಪಾದರಸದ ಲೆಕ್ಕದಲ್ಲಿ ಇದು ಸುಮಾರು 74 ಮಿಲಿಮೀಟರ್. ಅದೇ ವ್ಯಕ್ತಿ ಮೈಯ ಉಬ್ಬುತಗ್ಗುಗಳಿಗೆ ತಕ್ಕಂತೆ ಬಾಗುವ ಹಾಸಿಗೆಯ ಮೇಲೆ ಮಲಗಿ, ಮುಟ್ಟುವ ಜಾಗವು 2000 ಚದರ ಸೆಂಟಿಮೀಟರಿಗೆ ಏರಿತೆನ್ನಿ. ಭಾರವು 30 ಗ್ರಾಮಿಗೆ, ಒತ್ತಡವು 22 ಮಿಲಿಮೀಟರಿಗೆ ಇಳಿಯುವುದು.

ಈ ಎರಡು ಸಂಖ್ಯೆಗಳ ನಡುವೆ ಒಂದು ಮುಖ್ಯವಾದ ಗಡಿಯಿದೆ. ಅಮೆರಿಕದ ಶರೀರವಿಜ್ಞಾನಿ ಲ್ಯಾಂಡಿಸ್ ಎಂಬುವನು 1930ರಲ್ಲಿ ಬೆರಳಿನ ಉಗುರಿನ ಬುಡದ ಲೋಮನಾಳಗಳೊಳಕ್ಕೆ ಅತಿ ಸಣ್ಣ ಗಾಜಿನ ನಳಿಗೆಗಳನ್ನು ತೂರಿಸಿ, ಅವುಗಳಲ್ಲಿ ರಕ್ತವು ಪ್ರವೇಶಿಸುವ ತುದಿಯ ಒತ್ತಡ ಸುಮಾರು 32 ಮಿಲಿಮೀಟರ್ ಎಂದು ಅಳೆದನು. ಹೊರಗಿನ ಒತ್ತಡ ಇದಕ್ಕಿಂತ ಬಹಳ ಹೆಚ್ಚಿದ್ದು ಹಾಗೆಯೇ ಉಳಿದರೆ, ಆ ಜಾಗದ ಚರ್ಮಕ್ಕೆ ರಕ್ತ ಹರಿಯುವುದು ಕಷ್ಟವಾಗುತ್ತದೆ. ಆಗ ನರಗಳು ದೂರು ಕೊಡುತ್ತವೆ. ನಾವು ನಿದ್ರೆಯಲ್ಲಿಯೇ ಮಗ್ಗುಲು ಬದಲಿಸುತ್ತೇವೆ. ಆರೋಗ್ಯವಂತನು ರಾತ್ರಿ ಹಲವು ಸಲ ಹೊರಳುವುದು ರೋಗವಲ್ಲ, ರಕ್ಷಣೆ. ಹಾಸಿಗೆ ತೀರ ಗಟ್ಟಿಯಾಗಿದ್ದರೆ ಈ ದೂರುಗಳು ಹೆಚ್ಚಾಗಿ ನಿದ್ರೆ ಮತ್ತೆ ಮತ್ತೆ ಹರಿಯುವುದು.

ಹಾಗಾದರೆ ಮೆತ್ತಗಿದ್ದಷ್ಟೂ ಒಳ್ಳೆಯದಲ್ಲವೆ? ಅಲ್ಲ. ನಮ್ಮ ಬೆನ್ನುಮೂಳೆ ಒನಕೆಯಂತೆ ನೆಟ್ಟಗಿಲ್ಲ. ಕುತ್ತಿಗೆಯಲ್ಲಿ ಮುಂದಕ್ಕೆ, ಎದೆಯ ಹಿಂದೆ ಹಿಂದಕ್ಕೆ, ಸೊಂಟದಲ್ಲಿ ಮತ್ತೆ ಮುಂದಕ್ಕೆ ಬಾಗಿದೆ. ದೇಹದ ತೂಕದಲ್ಲಿ ದೊಡ್ಡ ಪಾಲು ನಡುಭಾಗದಲ್ಲಿರುವುದರಿಂದ, ಅತಿ ಮೆತ್ತನೆಯ ಹಾಸಿಗೆಯಲ್ಲಿ ಪೃಷ್ಠವು ಆಳಕ್ಕೆ ಇಳಿದು ದೇಹವು ತೊಟ್ಟಿಲಿನಲ್ಲಿ ಬಿದ್ದಂತಾಗುವುದು. ಬೆನ್ನಿನ ಸ್ನಾಯುಗಳು ಬಿಡುವು ಪಡೆಯುವ ಬದಲು ರಾತ್ರಿಯೆಲ್ಲ ಎಳೆತಕ್ಕೆ ಒಳಗಾಗುತ್ತವೆ. ಹೊರಳುವುದಕ್ಕೂ ಹಳ್ಳದಿಂದ ಮೇಲೇಳುವಷ್ಟು ಶ್ರಮ ಬೇಕಾಗುತ್ತದೆ.

ಬೆನ್ನುಮೂಳೆಯ ಮಣಿಗಳ ನಡುವೆ ಮೆದುವಾದ ಬಿಲ್ಲೆಗಳಿವೆ. ವಯಸ್ಕರಲ್ಲಿ ಇವುಗಳ ಒಳಭಾಗಕ್ಕೆ ರಕ್ತನಾಳಗಳಿಲ್ಲ. ಪೋಷಣೆಯು ಅಕ್ಕಪಕ್ಕದ ಮೂಳೆಯಿಂದ ಮೆಲ್ಲನೆ ಒಸರಿ ಬರಬೇಕು. ಹಗಲು ದೇಹದ ಭಾರಕ್ಕೆ ಬಿಲ್ಲೆಗಳು ಸ್ವಲ್ಪ ನೀರನ್ನು ಕಳೆದುಕೊಂಡು ತೆಳ್ಳಗಾಗುತ್ತವೆ. ರಾತ್ರಿ ಮಲಗಿದಾಗ ಭಾರವಿಳಿದು ನೀರನ್ನು ಮತ್ತೆ ಹೀರಿಕೊಳ್ಳುತ್ತವೆ. ಬೆಳಗ್ಗೆ ಹಾಸಿಗೆಯಿಂದ ಎದ್ದ ಕೂಡಲೇ ಗೋಡೆಗೆ ನಿಂತು ಎತ್ತರವನ್ನು ಗುರುತು ಮಾಡಿ, ಸಂಜೆ ಮತ್ತೆ ಅಳೆದು ನೋಡಿರಿ. ಸುಮಾರು 1 ಸೆಂಟಿಮೀಟರ್, ಕೆಲವರಲ್ಲಿ ಅದಕ್ಕಿಂತ ಹೆಚ್ಚು, ಕುಗ್ಗಿರುವಿರಿ. ಅಡಕೆಯ ಮೂಟೆ ಹೊತ್ತವರ, ನಾಟಿಯಲ್ಲಿ ಬಗ್ಗಿದವರ ಬೆನ್ನಿಗೆ ರಾತ್ರಿಯ ಈ ದುರಸ್ತಿ ಇನ್ನೂ ಹೆಚ್ಚು ಅಗತ್ಯವಾದುದು.

ಇನ್ನು ಹಲಗೆಯ ಉಪದೇಶವನ್ನು ಪರೀಕ್ಷಿಸೋಣ. ಬಹುಕಾಲ ವೈದ್ಯರೂ ಇದನ್ನೇ ಹೇಳುತ್ತಿದ್ದರು. ಸ್ಪೇನ್ ದೇಶದ ಕೊವಾಕ್ಸ್ ಮತ್ತು ಅವರ ಸಹೋದ್ಯೋಗಿಗಳು ಬಹುದಿನಗಳಿಂದ ಸೊಂಟನೋವಿದ್ದ 313 ಮಂದಿಯನ್ನು ಚೀಟಿಯೆತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಗಟ್ಟಿಯಾದ ಹಾಸಿಗೆಯನ್ನೂ ಇನ್ನೊಂದಕ್ಕೆ ಮಧ್ಯಮ ಗಟ್ಟಿಯ ಹಾಸಿಗೆಯನ್ನೂ ಕೊಟ್ಟರು. ಯಾರಿಗೆ ಯಾವುದು ಸಿಕ್ಕಿದೆಯೆಂದು ರೋಗಿಗಳಿಗೂ ತಿಳಿಸಲಿಲ್ಲ, ಪರೀಕ್ಷಿಸಿದವರಿಗೂ ತಿಳಿಸಲಿಲ್ಲ. 90 ದಿನಗಳ ತರುವಾಯ ನೋಡಿದಾಗ, ಮಲಗಿರುವಾಗಿನ ನೋವು, ಏಳುವಾಗಿನ ನೋವು, ಹಗಲಿನ ಕೆಲಸದ ತೊಂದರೆ, ಈ ಮೂರರಲ್ಲಿಯೂ ಮಧ್ಯಮ ಗಟ್ಟಿಯ ಹಾಸಿಗೆಯವರಿಗೇ ಹೆಚ್ಚು ಗುಣ ಕಂಡಿತು. 2003ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಇಲ್ಲಿ ಹೋಲಿಸಿದ್ದು ಹಾಸಿಗೆಯನ್ನು ಹಾಸಿಗೆಯೊಡನೆ, ಬರಿಯ ನೆಲದೊಡನೆ ಅಲ್ಲವೆಂಬುದು ನೆನಪಿರಲಿ. ಆದರೂ ಗಟ್ಟಿಯಾದಷ್ಟೂ ಬೆನ್ನಿಗೆ ಹಿತವೆಂಬ ನಂಬಿಕೆಗೆ ಇದರಿಂದ ಪೆಟ್ಟು ಬಿದ್ದಿತು.

ನೆಲದ ಮೇಲೆ ಮಲಗುವುದಕ್ಕೆ ನಮ್ಮ ಸೀಮೆಯಲ್ಲಿ ಬೇರೊಂದು ಆಕ್ಷೇಪವೂ ಇದೆ. ಸ್ಪೇನಿನವರಿಗೆ ಅದು ಹೊಳೆಯಲಾರದು. ಗದ್ದೆ ತೋಟಗಳ ನಡುವಣ ಮನೆಗಳಿಗೆ ಕಟ್ಟುಹಾವು ರಾತ್ರಿಯ ಹೊತ್ತು ಇಲಿ, ಹಲ್ಲಿ, ಬೇರೆ ಹಾವುಗಳನ್ನು ಅರಸಿ ಬರುತ್ತದೆ. ಅದರ ಕಡಿತಕ್ಕೆ ಹೆಚ್ಚಾಗಿ ಸಿಕ್ಕುವವರು ನೆಲದ ಮೇಲೆ ಮಲಗಿದವರೇ. ಕಡಿದ ಜಾಗದಲ್ಲಿ ನೋವಾಗಲಿ ಬಾವಾಗಲಿ ಹೆಚ್ಚು ಕಾಣದ ಕಾರಣ ಮಲಗಿದವರಿಗೆ ಎಚ್ಚರವೂ ಆಗದಿರಬಹುದು. ಮಂಚದ ಮೇಲೆ ಮಲಗಿ ಸೊಳ್ಳೆಪರದೆಯ ಅಂಚನ್ನು ಹಾಸಿಗೆಯ ಅಡಿಗೆ ಸಿಕ್ಕಿಸಿದರೆ ಸೊಳ್ಳೆ ಹಾವುಗಳೆರಡರಿಂದಲೂ ರಕ್ಷಣೆ ದೊರೆಯುವುದು. ಬೆನ್ನಿಗೆ ಹಲಗೆಯೇ ಬೇಕೆನ್ನುವವರು ಅದನ್ನು ಮಂಚಕ್ಕೆ ಹಾಕಿಸಿ, ಅದರ ಮೇಲೊಂದು ತೆಳು ಹಾಸಿಗೆಯನ್ನು ಹಾಸಿಕೊಳ್ಳಲಿ.

ಆ ತೆಳು ಹಾಸಿಗೆ ಹತ್ತಿಯದಾದರೆ ಸಾಲದೆ? ಇದಕ್ಕೆ ಉತ್ತರ ಹೇಳಬೇಕಾದರೆ ಪಿಂಜಾರರ ಕಸುಬನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮಧ್ಯ ಮತ್ತು ಉತ್ತರ ಕರ್ನಾಟಕದ ಊರೂರುಗಳಲ್ಲಿ ತಲೆಮಾರುಗಳಿಂದ ಹಾಸಿಗೆ ದಿಂಬುಗಳನ್ನು ಮಾಡಿಕೊಡುತ್ತ ಬಂದವರು ಇವರು. ಹಳಗನ್ನಡದ ಪಕಾರ ಹಕಾರವಾದಾಗ ಪಿಂಜು ಎಂಬುದು ಹಿಂಜು ಎಂದಾಯಿತು. ಕಸುಬಿನವರ ಹೆಸರಿನಲ್ಲಿ ಮಾತ್ರ ಹಳೆಯ ಪಕಾರ ಉಳಿದಿದೆ. ಇವರಿಗಿರುವ ಇನ್ನೊಂದು ಹೆಸರಾದ ನದಾಫ್ ಎಂಬುದು ಅರಬೀ ಮೂಲದ್ದು. ಅದರ ಅರ್ಥವೂ ಅರಳೆ ಹಿಂಜುವವನೆಂದೇ.

ಹತ್ತಿಯ ಒಂದು ಎಳೆಯೆಂದರೆ ಬೀಜದ ಸಿಪ್ಪೆಯಿಂದ ಉದ್ದಕ್ಕೆ ಬೆಳೆದ ಒಂದೇ ಒಂದು ಜೀವಕೋಶ. ದಪ್ಪ ಸುಮಾರು 1 ಮಿಲಿಮೀಟರಿನ 1/50 ಭಾಗ. ಉದ್ದ 2ರಿಂದ 3 ಸೆಂಟಿಮೀಟರ್. ಕಾಯಿ ಒಡೆದು ಒಣಗಿದಾಗ ಈ ಕೊಳವೆ ಚಪ್ಪಟೆಯಾಗಿ, ಹುರಿ ಹಾಕಿದ ರಿಬ್ಬನ್ನಿನಂತೆ ಸುತ್ತಿಕೊಳ್ಳುವುದು. ಸುತ್ತಿಕೊಂಡ ಎಳೆಗಳು ಒಂದಕ್ಕೊಂದು ಒತ್ತಾಗಿ ಕೂಡಲಾರವು. ನಡುವೆ ಗಾಳಿಗೆ ಜಾಗ ಬಿಡುತ್ತವೆ. ಎಷ್ಟು ಜಾಗವೆಂದು ಬಲ್ಲಿರಾ? 6 ಅಡಿ ಉದ್ದ, 3 ಅಡಿ ಅಗಲ, 4 ಅಂಗುಲ ದಪ್ಪದ ಹಾಸಿಗೆಯ ಗಾತ್ರ 6 ಘನ ಅಡಿ, ಎಂದರೆ ಸುಮಾರು 170 ಲೀಟರ್. ಅದಕ್ಕೆ 12 ಕಿಲೋಗ್ರಾಂ ಹತ್ತಿ ತುಂಬಿದರೆಂದುಕೊಳ್ಳೋಣ. ಹತ್ತಿಯ ಎಳೆಯ ವಸ್ತುವು ನೀರಿನ ಒಂದೂವರೆ ಪಟ್ಟು ಸಾಂದ್ರವಾದುದರಿಂದ, 12 ಕಿಲೋಗ್ರಾಂ ಹತ್ತಿಯ ನಿಜವಾದ ಗಾತ್ರ 8 ಲೀಟರ್ ಮಾತ್ರ. ಉಳಿದ 162 ಲೀಟರೂ ಗಾಳಿಯೇ! ನಾವು ಹತ್ತಿಯ ಮೇಲೆ ಮಲಗಿದ್ದೇವೆಂದು ತಿಳಿದಿರುತ್ತೇವೆ. ನಿಜವಾಗಿ, ಹತ್ತಿಯು ಹಿಡಿದಿಟ್ಟ ಗಾಳಿಯ ನಡುವೆ ಮಲಗಿರುತ್ತೇವೆ.

ಈ ಹಾಸಿಗೆ ವರ್ಷ ಕಳೆದಂತೆ ಗಟ್ಟಿಯಾಗುವುದೇಕೆ? ಇಸ್ತ್ರಿ ಹಾಕುವುದನ್ನು ನೆನೆದುಕೊಂಡರೆ ಉತ್ತರ ಹೊಳೆಯುವುದು. ಹತ್ತಿಯ ಬಟ್ಟೆಯನ್ನು ಚಪ್ಪಟೆ ಮಾಡಬೇಕಾದರೆ ನೀರು ಚಿಮುಕಿಸಿ, ಬಿಸಿ ಕೊಟ್ಟು, ಒತ್ತುತ್ತೇವೆ. ನೀರು ಹತ್ತಿಯ ಅಣುಸರಪಳಿಗಳ ನಡುವಣ ಹಿಡಿತವನ್ನು ಸಡಿಲಿಸುವುದು; ಒಣಗಿದಾಗ, ಒತ್ತಿಟ್ಟ ಹೊಸ ಆಕಾರದಲ್ಲಿಯೇ ಹಿಡಿತ ಮತ್ತೆ ಬಿಗಿಯುವುದು. ಮಲಗಿದ ಮನುಷ್ಯನು ಮಾಡುವುದೂ ಇದೇ ಕೆಲಸ. ಅವನ ಬೆವರಿನಿಂದ ತೇವ, ಮೈಯಿಂದ ಶಾಖ, ತೂಕದಿಂದ ಒತ್ತಡ. ಪ್ರತಿ ರಾತ್ರಿಯೂ ನಾವು ನಮ್ಮ ಹಾಸಿಗೆಗೆ ಇಸ್ತ್ರಿ ಹಾಕುತ್ತಿರುತ್ತೇವೆ. ಎಳೆಗಳು ಜಾರಿ ಅಂಟಿಕೊಂಡು ಗಂಟಾಗುತ್ತವೆ, ಬೆನ್ನಿನ ಕೆಳಗೆ ಹಳ್ಳ ಬೀಳುತ್ತದೆ.

ಪಿಂಜಾರನು ಈ ಇಸ್ತ್ರಿಯನ್ನು ಬಿಡಿಸುತ್ತಾನೆ. ಮೊದಲು ಹತ್ತಿಯನ್ನು ಬಿಸಿಲಿಗೆ ಹರಡಿ ತೇವ ತೆಗೆಯುತ್ತಾನೆ. ತೇವದ ಹತ್ತಿ ಬಿಡಿಯಾಗಿ ಏಳುವುದಿಲ್ಲ. ಬಳಿಕ, ಆಳುದ್ದದ ಬಿಲ್ಲಿನ ತಂತಿಯನ್ನು ಹತ್ತಿಗೆ ತಾಗಿಸಿ ಹಿಡಿದು ಮರದ ಹಿಡಿಯಿಂದ ಮೀಟುತ್ತಾನೆ. ಕಂಪಿಸುವ ತಂತಿ ಒಂದೊಂದು ಮೀಟಿಗೂ ಗಂಟನ್ನು ಅನೇಕ ಬಾರಿ ತಟ್ಟುವುದು. ಎಳೆಗಳು ತಂತಿಗೆ ಸಿಕ್ಕಿ ಬಿಡಿಬಿಡಿಯಾಗಿ ಹಾರಿ ಬೀಳುತ್ತವೆ. ದೂಳು, ಬೀಜದ ಚೂರು ಕೆಳಗಿಳಿಯುತ್ತವೆ. ಈಗ ಬಿಲ್ಲು ಅಪರೂಪವಾಗಿ, ಮುಳ್ಳಿನ ಉರುಳೆಗಳ ವಿದ್ಯುದ್ಯಂತ್ರ ಆ ಸ್ಥಾನಕ್ಕೆ ಬಂದಿದೆ. ಕೆಲಸ ಬೇಗ ಆಗುವುದು, ಎಳೆಗಳು ಮಾತ್ರ ಹೆಚ್ಚು ತುಂಡಾಗುವ ಸಂಭವವುಂಟು. ಬಿಲ್ಲಿರಲಿ ಯಂತ್ರವಿರಲಿ, ಹತ್ತಿಯ ದೂಳು ವರ್ಷಗಟ್ಟಲೆ ಉಸಿರಿನಲ್ಲಿ ಸೇರಿದರೆ ಎದೆ ಬಿಗಿಯುವ ರೋಗ ಬರುತ್ತದೆ; ಹತ್ತಿಗಿರಣಿಯ ಕೆಲಸಗಾರರನ್ನು ಕಾಡುವ ಬಿಸಿನೋಸಿಸ್ ಎಂಬ ವ್ಯಾಧಿಯೇ ಇದು. ನಮ್ಮ ಸುಖನಿದ್ರೆಗಾಗಿ ಇನ್ನೊಬ್ಬರು ಉಸಿರು ತೆರಬೇಕಾಗಿಲ್ಲ. ಹಿಂಜುವವರು ಮೂಗು ಬಾಯಿಗೆ ಒಳ್ಳೆಯ ಮುಸುಕು ಹಾಕಿಕೊಂಡು ಬಯಲಿನಲ್ಲಿ ಗಾಳಿಗೆ ಬೆನ್ನು ಕೊಟ್ಟು ಕೆಲಸ ಮಾಡುವಂತೆ, ಹಿಂಜಿಸುವವರು ಅನುಕೂಲ ಮಾಡಿಕೊಡಬೇಕು.

ಬೂರುಗದ ಅರಳೆಯ ಗುಣ ಬೇರೆ. ಅದರ ಎಳೆ ತೆಳುಗೋಡೆಯ ಪೊಳ್ಳು ಕೊಳವೆ; ಮೇಲೆ ಮೇಣದ ಲೇಪ. ಆದುದರಿಂದ ಬಲು ಹಗುರ, ನೀರು ಹಿಡಿಯದು. ಹಡಗಿನವರ ಜೀವರಕ್ಷಕ ಅಂಗಿಗಳಿಗೆ ಅದನ್ನು ತುಂಬುತ್ತಿದ್ದುದುಂಟು. ಆದರೆ ನುಣುಪಾದ, ಪೆಡಸಾದ ಆ ಎಳೆ ಹಿಂಜಿದರೆ ಮುರಿದು ಪುಡಿಯಾಗುವುದು. ದಿಂಬಿಗೆ ಒಪ್ಪುತ್ತದೆ, ಹಾಸಿಗೆಗೆ ಬಾಳಿಕೆ ಬರುವುದಿಲ್ಲ.

ಅಂಗಡಿಯ ಹಾಸಿಗೆಗಳ ಕಡೆಗೆ ಬರೋಣ. ತೆಂಗಿನ ನಾರನ್ನು ಹುರಿ ಹಾಕಿ ಸುರುಳಿ ಹಿಡಿಸಿ, ಬಿಚ್ಚಿ ಹರಡಿ, ರಬ್ಬರಿನ ಹಾಲನ್ನು ಚಿಮುಕಿಸಿ ಒತ್ತಿದ ಹಾಸಿಗೆ ಒಂದು ಬಗೆ. ಒಂದೊಂದು ನಾರೂ ಸಣ್ಣ ಸ್ಪ್ರಿಂಗಿನಂತೆ ವರ್ತಿಸುವುದು, ಗಾಳಿ ಚೆನ್ನಾಗಿ ಆಡುವುದು, ಗಟ್ಟಿತನ ಹೆಚ್ಚು. ಇನ್ನೊಂದು ಪಾಲಿಯುರಿಥೇನ್ ಫೋಮ್. ಈ ಪದಾರ್ಥದ ರಸಾಯನವನ್ನು 1937ರಲ್ಲಿ ಜರ್ಮನಿಯ ಆಟೊ ಬೇಯರ್ ಕಂಡುಹಿಡಿದನು. ದೋಸೆಯ ಹಿಟ್ಟು ಹುದುಗಿ ಉಬ್ಬುವಂತೆ, ತಯಾರಿಕೆಯಲ್ಲಿ ಹುಟ್ಟುವ ಅನಿಲ ಇದನ್ನು ಉಬ್ಬಿಸುವುದು.

ಫೋಮ್ ಕೊಳ್ಳುವವರು ಮೋಸ ಹೋಗುವುದು ಒಂದು ಮಾತಿನಲ್ಲಿ. ‘32 ಡೆನ್ಸಿಟಿ, 40 ಡೆನ್ಸಿಟಿ’ ಎಂದು ಅಂಗಡಿಯವರು ಹೇಳುವುದು ಒಂದು ಘನಮೀಟರ್ ಫೋಮಿನ ತೂಕವನ್ನು, ಕಿಲೋಗ್ರಾಮಿನಲ್ಲಿ. ಇದು ಗಟ್ಟಿತನದ ಅಳತೆಯಲ್ಲ. ಒಂದೇ ಸಾಂದ್ರತೆಯ ಫೋಮನ್ನು ಮೆತ್ತಗೂ ಗಟ್ಟಿಯಾಗಿಯೂ ಮಾಡಬಹುದು. ಸಾಂದ್ರತೆ ಹೆಚ್ಚಿದ್ದರೆ ಸಾಮಾನ್ಯವಾಗಿ ಬಾಳಿಕೆ ಹೆಚ್ಚು. ಹಳ್ಳ ಬೀಳುವುದು ನಿಧಾನ. ಗಟ್ಟಿತನವನ್ನು ತಿಳಿಯಬೇಕಾದರೆ ಮಲಗಿಯೇ ನೋಡಬೇಕು. ‘ಆರ್ಥೋ’ ಎಂಬ ಚೀಟಿಯನ್ನು ಕಂಡು ವೈದ್ಯರ ಅಪ್ಪಣೆಯೆಂದು ತಿಳಿಯಬೇಡಿರಿ. ಆ ಪದಕ್ಕೆ ವೈದ್ಯಶಾಸ್ತ್ರದಲ್ಲಿ ಗೊತ್ತಾದ ಅಳತೆಯೇನೂ ಇಲ್ಲ.

ಮೆಮೊರಿ ಫೋಮ್ ಎಂಬುದು 1966ರ ಸುಮಾರಿಗೆ ಅಮೆರಿಕದ ನಾಸಾ ಸಂಸ್ಥೆಗಾಗಿ, ವಿಮಾನದ ಆಸನಗಳಿಗೆಂದು ಹುಟ್ಟಿದುದು. ಅದರ ನಡತೆ ನಮ್ಮ ಜೋನಿಬೆಲ್ಲದಂತೆ: ಒತ್ತಿದರೆ ಮೆಲ್ಲಗೆ ಜಾರುವುದು, ಚಳಿಯಲ್ಲಿ ಬಿಗಿಯುವುದು, ಬೆಚ್ಚಗಾದರೆ ಸಡಿಲವಾಗುವುದು. ಒತ್ತಡವನ್ನು ಹಂಚುವುದರಲ್ಲಿ ಬಲು ಸಮರ್ಥ. ಆದರೆ ಮೈಯನ್ನು ಸುತ್ತುವರಿಯುವುದರಿಂದ ಶಾಖ ಹೊರಹೋಗುವ ದಾರಿ ಕಡಿಮೆ. ಏಪ್ರಿಲ್ ತಿಂಗಳಲ್ಲಿ ನಮ್ಮ ಕಡೆ ಅದರ ಮೇಲೆ ಮಲಗಿದವನು ಬೆವರಿನಲ್ಲಿ ಎದ್ದು ಕುಳಿತರೆ ಆಶ್ಚರ್ಯವಿಲ್ಲ.

ಶಾಖದ ಮಾತು ಸಣ್ಣದಲ್ಲ. ನಿದ್ರೆ ಹತ್ತಬೇಕಾದರೆ ದೇಹದ ಒಳಗಿನ ಉಷ್ಣತೆ ಸ್ವಲ್ಪ ಇಳಿಯಬೇಕು. ಚರ್ಮದಿಂದ ಶಾಖವೂ ಆವಿಯೂ ಹೊರಬೀಳಬೇಕು. ಗಾಳಿಯ ತೇವಾಂಶ ಶೇಕಡ 65 ಇರುವಾಗ 100 ಗ್ರಾಂ ಒಣ ಹತ್ತಿಯು ಸುಮಾರು 8 ಗ್ರಾಂ ನೀರನ್ನು ಹಿಡಿದಿರುವುದು, ಉಣ್ಣೆ ಸುಮಾರು 16 ಗ್ರಾಂ. ಪಾಲಿಯೆಸ್ಟರ್ ಅರ್ಧ ಗ್ರಾಮೂ ಇಲ್ಲ. ಬಯಲುಸೀಮೆಯ ಜಗಳೂರಿನ ಕಡೆಯವರು ಕುರಿಯ ಉಣ್ಣೆಯ ಕಂಬಳಿಯನ್ನು ಹೊದೆಯುವುದಕ್ಕೂ ಹಾಸುವುದಕ್ಕೂ ಬಳಸುವುದರಲ್ಲಿ ಅರ್ಥವಿದೆ: ಬೆವರನ್ನು ಹೀರಿಯೂ ಅದು ಒದ್ದೆಯೆನಿಸುವುದಿಲ್ಲ. ಫೋಮಿನ ಹಾಸಿಗೆಯುಳ್ಳವರು ಬೇಸಗೆಯಲ್ಲಿ ಅದರ ಮೇಲೆ ಈಚಲ ಚಾಪೆಯನ್ನೋ ದಪ್ಪ ಹತ್ತಿಯ ಜಮಖಾನವನ್ನೋ ಹಾಸಿದರೆ ಸೆಕೆ ಎಷ್ಟೋ ಕಡಿಮೆಯಾಗುವುದು.

ಹೀರಿದ ತೇವವನ್ನು ಹೊರಹಾಕದಿದ್ದರೆ ಬೇರೆ ತೊಂದರೆ. 1960ರ ದಶಕದಲ್ಲಿ ಹಾಲೆಂಡಿನ ವೂರ್‌ಹೋರ್ಸ್ಟ್ ಮತ್ತು ಸಂಗಡಿಗರು, ಮನೆಯ ದೂಳಿನಿಂದ ಗೂರಲು ಬರುವುದಕ್ಕೆ 1 ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟಿರುವ ಒಂದು ನುಸಿಯೇ ಮುಖ್ಯ ಕಾರಣವೆಂದು ತೋರಿಸಿದರು. ಉದುರಿದ ಚರ್ಮದ ಹೊಟ್ಟು ಅದರ ಆಹಾರ. ನೀರನ್ನು ಅದು ಗಾಳಿಯ ತೇವದಿಂದಲೇ ಪಡೆಯುವುದು. ಗಾಳಿ ಬಹುಕಾಲ ಒಣಗಿದ್ದರೆ ಸಾಯುವುದು. ಹಾಸಿಗೆಯನ್ನು ಬಿಸಿಲಿಗೆ ಹಾಕುವ ನಮ್ಮ ಮನೆಯವರ ವಾಡಿಕೆ ಇದಕ್ಕೆ ತಕ್ಕ ಮದ್ದು. ಮೇಲುಹೊದಿಕೆಯನ್ನು ಕೈ ಸುಡುವಷ್ಟು ಬಿಸಿಯಾದ ನೀರಿನಲ್ಲಿ ಒಗೆದರೆ ಇನ್ನೂ ಒಳ್ಳೆಯದು. ತಿಗಣೆ ಇದಕ್ಕಿಂತ ಜಾಣ: ಬಿಸಿಲು ತಾಗಿದೊಡನೆ ಹಾಸಿಗೆಯ ನೆರಳಿನ ಮಗ್ಗುಲಿಗೆ ಸರಿದುಬಿಡುತ್ತದೆ. ಹೊಲಿಗೆಯ ಅಂಚುಗಳನ್ನು ಬಿಡಿಸಿ, ಎರಡೂ ಮಗ್ಗುಲುಗಳನ್ನು ತಿರುವಿ ಹಾಕಬೇಕು.

ನಿಮ್ಮ ಮನೆಯ ಹಾಸಿಗೆ ನಿಮಗೆ ಸರಿಯಿದೆಯೆ ಎಂದು ಪರೀಕ್ಷಿಸಲು ದುಡ್ಡು ಬೇಕಾಗಿಲ್ಲ. ಅಂಗಾತ ಮಲಗಿ ಇನ್ನೊಬ್ಬರಿಗೆ ಸೊಂಟದ ಕೆಳಗೆ ಅಂಗೈ ತೂರಿಸಲು ಹೇಳಿರಿ. ಕೈ ಸಲೀಸಾಗಿ ಹೋಗಿ ಮೇಲೆ ಇನ್ನೂ ಸಂದಿಯಿದ್ದರೆ ಹಾಸಿಗೆ ನಿಮಗೆ ಗಟ್ಟಿ, ತೂರಿಸಲಾಗದಿದ್ದರೆ ಮೆತ್ತಗೆ, ಸ್ವಲ್ಪ ಉಜ್ಜಿಕೊಂಡು ಹೋದರೆ ಸರಿ. ಮಗ್ಗುಲಾಗಿ ಮಲಗುವವರು ಬೆನ್ನುಮೂಳೆಯ ಗುಂಟ ಕುಂಕುಮದ ಬೊಟ್ಟುಗಳನ್ನಿಡಿಸಿಕೊಂಡು ಹಿಂದಿನಿಂದ ನೋಡಿಸಲಿ: ಬೊಟ್ಟುಗಳು ಒಂದೇ ಗೆರೆಯಲ್ಲಿರಬೇಕು. ಭಾರವುಳ್ಳವರಿಗೆ ಹೆಚ್ಚು ಗಟ್ಟಿ, ಸಣಕಲಾದವರಿಗೂ ಮಗ್ಗುಲಾಗಿಯೇ ಮಲಗುವವರಿಗೂ ಸ್ವಲ್ಪ ಮೆತ್ತಗೆ, ಹೀಗೆ ಹೊಂದಿಸಿಕೊಳ್ಳಬೇಕು. ಹಲಗೆಯ ಮಂಚದ ಮೇಲೆ, ಆಗಾಗ ಹಿಂಜಿಸಿದ 3-4 ಅಂಗುಲದ ಹತ್ತಿಯ ಹಾಸಿಗೆ ಸಾಮಾನ್ಯ ಮೈಕಟ್ಟಿನ ಬಹುಮಂದಿಗೆ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುವುದೆಂದು ನನ್ನ ಎಣಿಕೆ. ಸಾಲ ಮಾಡಿ ಒಂದಡಿ ದಪ್ಪದ ಫೋಮನ್ನು ತರುವ ಮೊದಲು ಪಿಂಜಾರನನ್ನು ಒಮ್ಮೆ ಕೂಗಿ ನೋಡುವುದು ಲೇಸು.

ಇಬ್ಬರಿಗೆ ಮಾತ್ರ ಈ ಅಳತೆ ಒಪ್ಪುವುದಿಲ್ಲ. ವರ್ಷ ತುಂಬದ ಶಿಶುವನ್ನು ಸಮತಟ್ಟಾದ ಗಟ್ಟಿ ಹಾಸಿನ ಮೇಲೆ ಅಂಗಾತ ಮಲಗಿಸಬೇಕು. ಮೆತ್ತನೆಯ ಹಾಸಿಗೆ, ದಿಂಬುಗಳಲ್ಲಿ ಮುಖ ಹುದುಗಿದರೆ ಅದು ತಾನಾಗಿ ತಿರುಗಲಾರದೆ ಉಸಿರು ಕಟ್ಟುವ ಭಯವುಂಟು. ಇನ್ನೊಬ್ಬರು, ಪಾರ್ಶ್ವವಾಯುವಿನಿಂದಲೋ ಮುಪ್ಪಿನಿಂದಲೋ ತಾವಾಗಿ ಹೊರಳಲಾರದವರು. ನರಗಳ ದೂರು ಅವರಲ್ಲಿ ಏಳುವುದಿಲ್ಲ, ಎದ್ದರೂ ಮೈ ಕೇಳುವುದಿಲ್ಲ. ಬೆನ್ನಿನ ಬುಡದಲ್ಲಿ, ಹಿಮ್ಮಡಿಯಲ್ಲಿ ಚರ್ಮ ಸತ್ತು ಹುಣ್ಣಾಗುವುದು. ಇಂಥವರಿಗಾಗಿಯೇ 1832ರಲ್ಲಿ ಸ್ಕಾಟ್ಲೆಂಡಿನ ವೈದ್ಯ ನೀಲ್ ಆರ್ನಟ್ ನೀರು ತುಂಬಿದ ತೊಟ್ಟಿಯ ಮೇಲೆ ರಬ್ಬರ್ ಲೇಪಿಸಿದ ಬಟ್ಟೆ ಹೊದಿಸಿ ಹಾಸಿಗೆ ಮಾಡಿದನು. ಈಗ ಗಾಳಿ ತುಂಬಿದ ಕೋಣೆಗಳು ಸರದಿಯಂತೆ ಉಬ್ಬಿ ಇಳಿಯುವ ಹಾಸಿಗೆಗಳು ದೊರೆಯುತ್ತವೆ. ಅಂಥ ಮನೆಗಳಲ್ಲಿ ಹಣ ಹಾಕಬೇಕಾದುದು ಇದಕ್ಕೆ. ಅದಿದ್ದರೂ ಸುಮಾರು 2 ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಿಸುವ ಕೈಗಳು ಬೇಕೇ ಬೇಕು.

ಕೊನೆಗೆ, ಹಳೆಯ ಹಾಸಿಗೆಯನ್ನು ಏನು ಮಾಡಬೇಕು? ಹಿಂಜಲಾಗದಷ್ಟು ಸವೆದ ಹತ್ತಿಯನ್ನು ತಿಪ್ಪೆಗೆ ಹಾಕಿದರೆ ಕೊಳೆತು ಗೊಬ್ಬರವಾಗುವುದು. ಫೋಮು ಕೊಳೆಯುವುದಿಲ್ಲ. ಅದನ್ನು ಹಿತ್ತಿಲಿನಲ್ಲಿ ಸುಡುವುದಂತೂ ಕೂಡದು. ಅದರ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡಿನ ಜೊತೆಗೆ ಹೈಡ್ರೊಜನ್ ಸಯನೈಡ್ ಎಂಬ ಘೋರವಿಷವೂ ಇರುವುದು.